ಚಕ್ರದವರೆಗೆ ಬಂದ ಕುದುರೆಗಳು

ಅತ್ತೆಯನ್ನು ಕಾರಿನಿಂದ ಇಳಿಸಲು ಇಬ್ಬರು ಬೇಕು. ಒಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತಬೇಕು, ಇನ್ನೊಬ್ಬರು ಎರಡೂ ಕಾಲು ಜೋಡಿಸಿ ಹಿಡಿದು ಹೊರಗೆ ತಿರುಗಿಸಬೇಕು. ಎಡಗಾಲು ಹೇಳಿದ ಮಾತು ಕೇಳುವುದಿಲ್ಲ, ಮುಂದಿನ ಸೀಟಿನ ಅಡಿಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸುವುದೇ ಒಂದು ಕೆಲಸ. ಅವರಿಗೆ ಲಕ್ವ ಹೊಡೆದ ಮೇಲೆ ಇದೆಲ್ಲ ತಾನಾಗಿ ಹಂಚಿಕೆಯಾಗಿತ್ತು: ಕಂಕುಳು ನನ್ನ ಗಂಡನದು, ಕಾಲು ನನ್ನದು, ಬೈಗುಳ ಅತ್ತೆಯದು.

"ಮೂಟೆ ಇಳ್ಸಂಗೆ ಇಳಿಸ್ಬೇಡ್ರೋ, ನಾನೂ ಮನುಷ್ಯಳು ಕಣ್ರೋ," ಎಂದು ಅವರು ಕೂಗಿದರೆ ಕಡೂರಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ನಮ್ಮೂರು ಶಿವನಿ ರೈಲು ನಿಲ್ದಾಣಕ್ಕೆ ಹತ್ತಿರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅಜ್ಜಂಪುರದಲ್ಲಿ ನನ್ನ ಗಂಡನ ಅಂಗಡಿ, ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಅವರನ್ನು ನಾನು ಎಂದೂ ಹೆಸರು ಹಿಡಿದು ಕರೆದವಳಲ್ಲ, ಇಲ್ಲಿಯೂ 'ಇವರು' ಎಂದೇ ಬರೆಯುತ್ತೇನೆ. ದಿನ ಬಿಟ್ಟು ದಿನ ಅತ್ತೆಗೆ ಕಡೂರಿನಲ್ಲಿ ಕೈಕಾಲಿನ ವ್ಯಾಯಾಮ ಮಾಡಿಸಬೇಕಿತ್ತು. ಬಸ್ಸು ಆಗದ ಮಾತು. ಅದಕ್ಕೇ ಇವರು ತರೀಕೆರೆಯಲ್ಲಿ ಒಂದು ಹಳೆಯ ಡೀಸೆಲ್ ಕಾರು ಹುಡುಕಿ ತಂದರು. ಆ ಮಳೆಗಾಲದಲ್ಲಿ ಅತ್ತೆಯ ಎಡಗೈಯ ಎರಡು ಬೆರಳು ಅಲ್ಲಾಡಿದವು. ಬಿಡದೆ ಕರೆದುಕೊಂಡು ಬಂದರೆ ಊರುಗೋಲು ಹಿಡಿದು ನಡೆಯುತ್ತಾರೆ ಎಂದು ವ್ಯಾಯಾಮ ಮಾಡಿಸುವ ಹುಡುಗಿ ಹೇಳಿದಳು. ನಮ್ಮ ಆಸೆಯೆಲ್ಲ ಆ ಕಾರಿನ ಮೇಲೆ ನಿಂತಿತ್ತು.

ಕಾರು ತಂದ ಹೊಸದರಲ್ಲಿ ಎಳೆತ ಚೆನ್ನಾಗಿಯೇ ಇತ್ತು. ಚಳಿಗಾಲ ಶುರುವಾದ ಮೇಲೆ ಅದು ಕುಗ್ಗತೊಡಗಿತು. ಏರು ಬಂದರೆ ಏದುಸಿರು ಬಿಡುವಂತೆ ಸದ್ದು ಮಾಡುತ್ತಿತ್ತು. ಒಂದು ಬೆಳಿಗ್ಗೆ ನಮ್ಮ ಹಾದಿಯ ರೈಲ್ವೆ ಗೇಟಿನ ಹತ್ತಿರ, ಗೇಟು ತೆರೆದೇ ಇತ್ತು, ಏರಿನಲ್ಲಿ ಹತ್ತಿದ ಕಾರು ಹಳಿಯ ಮೇಲೆ ಬಂದು ಉಸಿರು ಕಟ್ಟಿ ನಿಂತಿತು. ಇವರು ಗೇರು ಬದಲಿಸಿದರು, ಅದು ಕೆಮ್ಮಿತು. ಹಳಿ ಎರಡೂ ಕಡೆ ಮಂಜಿನೊಳಗೆ ಹೋಗಿ ಮರೆಯಾಗಿತ್ತು. ನಾನು ಹಿಂದಿನ ಸೀಟಿಗೆ ತಿರುಗಿ ಅತ್ತೆಯ ಕಾಲು ನೋಡಿದೆ. ಎಡಗಾಲು ಸೀಟಿನ ಅಡಿಯಲ್ಲಿತ್ತು. ಅಷ್ಟರಲ್ಲಿ ಕಾರು ಜಗ್ಗಿಕೊಂಡು ಮುಂದೆ ಹೋಯಿತು. ರೈಲು ಬಂದಿರಲಿಲ್ಲ, ಬರುವ ಹೊತ್ತೂ ಆಗಿರಲಿಲ್ಲ. ಆದರೂ ಕಡೂರು ಮುಟ್ಟುವವರೆಗೂ ನಾನು ಆ ಕಾಲಿನಿಂದ ಕಣ್ಣು ತೆಗೆಯಲಿಲ್ಲ.

ಇವರು ಹೆದರಿದರೆ ಲೆಕ್ಕಕ್ಕೆ ಇಳಿಯುತ್ತಾರೆ. "ತೊಂಬತ್ತು ಎಚ್‌ಪಿ ಅಂತ ಕಂಪನಿ ಬರ್ದಿದಾನೆ ಕಣೇ. ತೊಂಬತ್ತು! ಆ ದಿಬ್ಬ ಹತ್ತಕ್ಕೆ ಹತ್ತು ಸಾಕು," ಎಂದು ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು. ನಮ್ಮ ಸೀಮೆಯಲ್ಲಿ ಎಚ್‌ಪಿ ಅಂದರೆ ಕುದುರೆಯ ಬಲ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಓದುಬರಹ ಬಾರದವರೂ ಬೋರ್‌ವೆಲ್ ಮೋಟರು ಎಷ್ಟು ಎಚ್‌ಪಿಯದು, ಎಷ್ಟು ನೀರು ಎತ್ತುತ್ತದೆ ಎಂದು ಹೇಳಬಲ್ಲರು. ಅತ್ತೆ ಮಂಚದಿಂದಲೇ ಕೇಳಿದರು: "ತೊಂಬತ್ತು ಕುದ್ರೆ ಕಟ್ಟಿದೀಯ ಸರಿ. ಒಂದಕ್ಕಾದ್ರೂ ಹುರುಳಿ ಹಾಕಿದ್ಯೇನ್ಲಾ?"

ಎಲ್ಲರೂ ನಕ್ಕೆವು. ಆ ನಗು ನೆನಪಾದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅದು ಹುರುಳಿ ಒಕ್ಕಣೆಯ ಕಾಲ. ನಮ್ಮ ಕಡೆ ಈಗ ಯಾರೂ ಕಣ ಮಾಡುವುದಿಲ್ಲ. ಡಾಂಬರು ರಸ್ತೆಯೇ ಕಣ. ಕಿತ್ತು ಒಣಗಿಸಿದ ಹುರುಳಿ ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ರಸ್ತೆಯ ಮೇಲೆ ಹರಡುತ್ತಾರೆ. ಲಾರಿ, ಬಸ್ಸು, ಕಾರು ಅದರ ಮೇಲೆ ಹೋದಂತೆ ಕಾಯಿ ಒಡೆದು ಕಾಳು ಉದುರುತ್ತದೆ. ಹಾಗೆ ಮಾಡಬಾರದೆಂದು ಪೊಲೀಸರು ಪ್ರತಿ ವರ್ಷ ಹೇಳುತ್ತಾರೆ, ಪ್ರತಿ ವರ್ಷ ಹರಡುತ್ತಾರೆ. ರಸ್ತೆ ಪಕ್ಕ ನಿಂತ ಹೆಂಗಸರು ಕಾರು ಕಂಡ ಕೂಡಲೇ ಕೈ ಎತ್ತಿ ಬೀಸಿ ಕರೆಯುತ್ತಾರೆ. ಮೇಲೆ ಹೋಗದೆ ಪಕ್ಕದ ಮಣ್ಣಿಗೆ ಇಳಿಸಿಕೊಂಡು ಹೋದವನಿಗೆ ಸೊಕ್ಕು ಎನ್ನುತ್ತಾರೆ. ಹಿಂದಕ್ಕೆ ಬಂದು ಇನ್ನೊಂದು ಸಲ ಹೋದವನನ್ನು ಬಾಯಿ ತುಂಬಾ ಹರಸುತ್ತಾರೆ.

ನಮ್ಮ ಕಾರು ಆ ಹಾದಿಯಲ್ಲಿ ಹೋಗಿ ಬರುವಾಗ ಎಷ್ಟು ಮನೆಯ ಹುರುಳಿ ತುಳಿದಿತ್ತೋ ಲೆಕ್ಕವಿಲ್ಲ. ಇವರು ಬೇಸರಪಟ್ಟರೂ ಅತ್ತೆ ಬಿಡುತ್ತಿರಲಿಲ್ಲ. "ಪಾಪ, ಆ ಮುದುಕಿ ಕೈ ಎತ್ತವ್ಳೆ. ಒಂದ್ಸಲ ಹೋಗಿ ಬಾರೋ. ನನ್ನ ಕಾಲಿಗಾದ್ರೂ ಪುಣ್ಯ ಬರ್ಲಿ." ಆಗ ಕಾರಿನ ಹೊಟ್ಟೆಯ ಕೆಳಗೆ ಬಳ್ಳಿ ಉಜ್ಜುವ ಸದ್ದು ಬರುತ್ತಿತ್ತು. ಸೀಟಿನ ಅಡಿಯಲ್ಲಿ ಯಾರೋ ಉಗುರಿನಿಂದ ಕೆರೆಯುವಂತೆ ಕೇಳಿಸುತ್ತಿತ್ತು, ನನಗೆ ಅದು ಎಂದೂ ಸೇರಲಿಲ್ಲ.

ಕಡೂರಿನ ಹೊರಗೆ ಹೆದ್ದಾರಿಯ ಪಕ್ಕ ಒಂದು ವರ್ಕ್‌ಶಾಪು ಇತ್ತು. ಅಲ್ಲಿಗೆ ಕಾರಿನ ಶಕ್ತಿ ಅಳೆಯುವ ಡೈನೋ ಮೆಷಿನ್ ಬಂದಿದೆ ಎಂದು ಇವರಿಗೆ ಯಾರೋ ಹೇಳಿದರು. ಕಾರು ತಿದ್ದಿ ಜೋರಾಗಿ ಓಡಿಸುವ ಹುಡುಗರಿಗೆಂದು ತಂದದ್ದಂತೆ. ಒಂದು ದಿನ ವ್ಯಾಯಾಮ ಮುಗಿಸಿ ಬರುವಾಗ ಇವರು ಕಾರನ್ನು ಸೀದಾ ಅಲ್ಲಿಗೇ ತಿರುಗಿಸಿದರು. ವರ್ಕ್‌ಶಾಪಿನ ಯಜಮಾನರು ಕಡೂರಿನ ಹಳೆಯ ಮುಸ್ಲಿಂ ಮನೆತನದವರು, ಮಾತು ಮೆತ್ತಗೆ, ನಡೆ ಅವಸರವಿಲ್ಲದ್ದು. ಫೋನಿನಲ್ಲಿ ಮನೆಯವರ ಜೊತೆ ದಖ್ನಿ ಉರ್ದುವಿನಲ್ಲಿ ಏನೋ ಹೇಳಿ ಮುಗಿಸಿ, ನಮ್ಮ ಕಡೆ ತಿರುಗಿದರು.

"ಅಮ್ಮಾರನ್ನ ಇಳಿಸ್ಬೇಕು ಸಾರ್. ಮೆಷಿನ್ ಓಡುವಾಗ ಗಾಡಿ ಒಳಗೆ ಡ್ರೈವರ್ ಬಿಟ್ರೆ ಯಾರೂ ಇರಬಾರ್ದು."

ಇಳಿಸಿದೆವು. ಅತ್ತೆಗೆ ಪ್ಲಾಸ್ಟಿಕ್ ಕುರ್ಚಿ ಬಂತು. ಕಾರಿನ ಮುಂದಿನ ಚಕ್ರಗಳು ನೆಲದಲ್ಲಿ ಹುದುಗಿಸಿದ ಎರಡು ದಪ್ಪ ಉರುಳೆಗಳ ಮೇಲೆ ಕೂತವು. ಕಾರಿಗೆ ಹಿಂದೆ ಮುಂದೆ ಪಟ್ಟಿ ಬಿಗಿದು ನೆಲಕ್ಕೆ ಕಟ್ಟಿದರು. ಮುಂದೆ ದೊಡ್ಡ ಫ್ಯಾನು. ಆಮೇಲೆ ಯಜಮಾನರು ಒಳಗೆ ಕೂತು ಆಕ್ಸಲರೇಟರ್ ಒತ್ತಿದರು.

ನಾನು ಅಂಥದ್ದನ್ನು ನೋಡಿರಲಿಲ್ಲ. ಚಕ್ರ ಹೆದ್ದಾರಿಯ ವೇಗದಲ್ಲಿ ತಿರುಗುತ್ತಿದೆ, ಕಾರು ಇದ್ದಲ್ಲೇ ಇದೆ. ತಗಡಿನ ಛಾವಣಿ ನಡುಗುತ್ತಿದೆ. ಕಟ್ಟಿದ ಪಟ್ಟಿಗಳು ಸೆಟೆದು ನಿಂತಿವೆ. ಒಂದು ಪಟ್ಟಿ ಕಿತ್ತರೆ ಅದು ಎದುರಿನ ಗೋಡೆ ಒಡೆದುಕೊಂಡು ಹೋಗುತ್ತದೆ ಎಂದು ನನಗೆ ಅನ್ನಿಸಿತು. ಅತ್ತೆ ಬಲಗೈಯಿಂದ ನನ್ನ ಸೆರಗು ಹಿಡಿದುಕೊಂಡರು.

ಕಂಪ್ಯೂಟರಿನಲ್ಲಿ ಎಪ್ಪತ್ತೊಂದು ಎಂದು ಬಂತು. ಇವರ ಮುಖ ಸಪ್ಪಗಾಯಿತು.

"ಮೋಸ! ತೊಂಬತ್ತು ಅಂತ ಬರ್ದು ಎಪ್ಪತ್ತೊಂದು ಕೊಟ್ಟವ್ರೆ ನೋಡಿ ಭಾಯ್."

"ಮೋಸ ಇಲ್ಲ ಸಾರ್. ಕಂಪನಿಯವ್ರು ಅಳೆಯೋದು ಎಂಜಿನ್ ಒಂದನ್ನೇ, ಸ್ಟ್ಯಾಂಡ್ ಮೇಲಿಟ್ಟು, ಎಂಜಿನ್ನಿಂದ ಆಚೆ ಬರೋ ಜಾಗ್ದಲ್ಲಿ. ಹೊಸ ಎಂಜಿನ್, ತಣ್ಣನೆ ಗಾಳಿ. ನಾನು ಅಳೀತಿರೋದು ಚಕ್ರದಲ್ಲಿ. ನಡುವೆ ಗೇರ್‌ಬಾಕ್ಸ್ ಐತೆ, ಆಕ್ಸಲ್ ಐತೆ, ಟೈರ್ ಐತೆ. ಎಲ್ಲಾ ಅವರವರ ಪಾಲು ತಗೊಂಡು ಉಳಿದಿದ್ದನ್ನ ಮುಂದಕ್ಕೆ ಕೊಡ್ತವೆ."

ಇವರು ಬಗ್ಗಿ ಚಕ್ರ ನೋಡಿ, "ಅಂದ್ರೆ ಮೋಟರ್ ಪ್ಲೇಟಲ್ಲಿ ಐದು ಅಂತ ಇದ್ರೂ, ಪೈಪಿನ ಬಾಯಲ್ಲಿ ಐದರಷ್ಟು ನೀರು ಬರಲ್ವಲ್ಲ, ಹಂಗೆ," ಎಂದರು.

"ಹಂಗೇ ಸಾರ್. ಅದ್ರ ಮೇಲೆ ನಮ್ಮೂರು ಎತ್ತರದಲ್ಲೈತೆ, ಗಾಳಿ ತೆಳು. ಬಿಸಿಲು. ಗಾಡಿಗೂ ವಯಸ್ಸಾಗೈತೆ. ಇನ್ನೊಂದು ಮೆಷಿನ್ ಮೇಲೆ ನಿಲ್ಸಿದ್ರೆ ಇನ್ನೊಂದು ನಂಬರ್ ಬರುತ್ತೆ. ಕಂಪನಿ ನಂಬರ್ ಜೊತೆ ಹೋಲಿಸ್ಬೇಡಿ. ಇದೇ ಮೆಷಿನ್ ಮೇಲೆ, ಇದೇ ಗಾಡಿ, ಇವತ್ತೆಷ್ಟು ನಾಳೆ ಎಷ್ಟು, ಅಷ್ಟು ನೋಡಿ."

ನನಗೂ ಅದು ಸರಿಯೆನಿಸಿತು. ಕರೆದ ಹಾಲಿಗೂ ಡೈರಿಯಲ್ಲಿ ಅಳೆದ ಹಾಲಿಗೂ ವ್ಯತ್ಯಾಸ ಬಂದರೆ ಎಮ್ಮೆಯನ್ನು ಬೈಯಲಾಗದು, ದಾರಿಯಲ್ಲಿ ಎಲ್ಲೆಲ್ಲಿ ಚೆಲ್ಲಿತು ನೋಡಬೇಕು. ಇವರ ಮುಖದಲ್ಲಂತೂ ನೆಮ್ಮದಿ ಬಂದಿತ್ತು. ಕಳೆದುಹೋದ ಒಂದೊಂದು ಕುದುರೆಯೂ ಎಲ್ಲಿದೆ ಎಂದು ತಿಳಿದವರ ಮುಖ ಅದು.

ಇನ್ನೊಂದು ಸಲ ಓಡಿಸಿದರು. ಅರವತ್ತಾರು. ಮತ್ತೊಂದು ಸಲ. ಅರವತ್ತು.

ಆಗಲೇ ಆ ವಾಸನೆ ಬಂದದ್ದು. ಬಾಣಲೆಯಲ್ಲಿ ಹುರುಳಿ ಹುರಿಯುವಾಗ ಮೊದಲು ಬರುವ ಘಮ. ಹೊಟ್ಟೆ ಹಸಿಯುವಂಥ, ಮನೆಯ ನೆನಪು ತರುವಂಥ ವಾಸನೆ. ಅತ್ತೆ ಮೂಗರಳಿಸಿ, "ಯಾರೋ ಹುರುಳಿ ಸಾರಿಗೆ ಇಟ್ಟವ್ರೆ ಕಣೇ," ಎಂದರು. ಇವರು ನಕ್ಕರು. "ಕುದ್ರೆಗೆ ಮೇವು ಅವ್ವ," ಎಂದರು.

ನನಗೆ ನಗು ಬರಲಿಲ್ಲ. ತರಗತಿಯಲ್ಲಿ ಉತ್ತರ ಸರಿಯಾಗಿದ್ದು ಪ್ರಶ್ನೆಗೆ ಹೊಂದದಿದ್ದರೆ ನನಗೆ ತಲೆ ಕೆಡುತ್ತದೆ. "ಭಾಯ್, ಗೇರ್‌ಬಾಕ್ಸು ಮಳೆಗಾಲದಲ್ಲೂ ಇತ್ತಲ್ಲ?" ಎಂದೆ. "ಆಗಲೂ ಅದು ತನ್ನ ಪಾಲು ತಗೊಳ್ತಿತ್ತು. ನಮ್ಮೂರು ಆಗಲೂ ಎತ್ತರದಲ್ಲೇ ಇತ್ತು. ಆಗ ಹತ್ತಿದ ದಿಬ್ಬ ಈಗ ಯಾಕೆ ಹತ್ತಲ್ಲ?"

"ನೀನು ಇಲ್ಲೂ ಪಾಠ ಶುರು ಮಾಡ್ಬೇಡ," ಎಂದು ಇವರು ಸಿಡುಕಿದರು.

ಯಜಮಾನರು ಸಿಡುಕಲಿಲ್ಲ. ಎದ್ದು ಹೋಗಿ ಕಾರಿನ ಮುಂದೆ ಮಂಡಿಯೂರಿ ಕೂತು, ಜಾಲರಿಯೊಳಗೆ ಬೆರಳು ಹಾಕಿ ಒಂದು ಹಿಡಿ ಹುರುಳಿ ಹೊಟ್ಟು ಎಳೆದರು. "ಮೇಡಂ ಕೇಳಿದ್ದು ಸರಿ ಐತೆ. ಎಪ್ಪತ್ತೊಂದಕ್ಕೆ ನಾನು ಹೇಳಿದ ಕಾರಣ ಸಾಕು. ಆದ್ರೆ ಪ್ರತಿ ಸಲ ಇಷ್ಟಿಷ್ಟು ಇಳಿಯೋದು ನಂಗೆ ಹಿಡಿಸ್ಲಿಲ್ಲ. ರೇಡಿಯೇಟರ್‌ಗೆ ಉಸಿರು ಕಟ್ಟೈತೆ, ಎಂಜಿನ್ ಸುಡ್ತೈತೆ. ನಿಮ್ ಕಡೆ ಗಾಡಿ, ಹಿರೇನಲ್ಲೂರು ಕಡೆ ಗಾಡಿ, ಈ ಸೀಸನ್ನಲ್ಲಿ ಎಲ್ಲಾ ಹಿಂಗೇ ಬರ್ತವೆ. ಎಂಜಿನ್ ಕೆಳಗಡೆ ಬಿಗಿದಿರೋ ತಟ್ಟೆ ಬಿಚ್ಚಿ ನೋಡ್ಬೇಕು. ಅದ್ರೊಳಗೆ ಎಷ್ಟು ತುಂಬ್ಕೊಂಡೈತೋ. ಕಾದ ಸೈಲೆನ್ಸರ್ ಪೈಪು ಅಲ್ಲೇ ಹಾದು ಹೋಗುತ್ತೆ. ಸಂಜೆವರ್ಗೂ ಬಿಟ್ಟೋಗಿ."

ಸಂಜೆಯವರೆಗೆ ಅತ್ತೆಯನ್ನು ಎಲ್ಲಿ ಇಡುವುದು? ಅವರು ಆಗಲೇ ಕುರ್ಚಿಯಲ್ಲಿ ಒಂದು ಪಕ್ಕಕ್ಕೆ ವಾಲಿದ್ದರು. ಬಚ್ಚಲಿಗೆ ಹೋಗಬೇಕಿತ್ತು. ಗಂಡಸರೇ ತುಂಬಿದ ಆ ಜಾಗದಲ್ಲಿ ಅದನ್ನು ನನ್ನ ಕಿವಿಯಲ್ಲಿ ಹೇಳಿ ಕಣ್ಣು ತುಂಬಿಕೊಂಡಿದ್ದರು. "ಮನೆಗೆ ಕರ್ಕಂಡೋಗ್ರಪ್ಪ," ಎಂದರು. ಇವರು, ಇನ್ನೊಂದು ವ್ಯಾಯಾಮದ ದಿನ ಬಂದಾಗ ಅವ್ವನನ್ನು ಆಸ್ಪತ್ರೆಯಲ್ಲಿ ಇಳಿಸಿ ಕಾರು ತಂದು ಬಿಡುತ್ತೇನೆ ಎಂದರು. ಯಜಮಾನರು ಕಿಟಕಿಯ ತನಕ ಬಂದು, "ಅಲ್ಲೀವರ್ಗೂ ಹುರುಳಿ ಮೇಲೆ ಹೋಗ್ಬೇಡಿ ಸಾರ್," ಎಂದರು. ಇವರು ತಲೆಯಾಡಿಸಿದರು.

ತಲೆಯಾಡಿಸಿದ್ದು ಸುಳ್ಳಲ್ಲ. ಆದರೆ ಇವರ ಮನಸ್ಸಿನಲ್ಲಿ ನಿಂತದ್ದು ಗೇರ್‌ಬಾಕ್ಸಿನ ಮಾತು, ಹೊಟ್ಟಿನ ಮಾತಲ್ಲ. ದಾರಿಯ ಪೆಟ್ರೋಲ್ ಬಂಕಿನಲ್ಲಿ ಅತ್ತೆಯನ್ನು ಬಚ್ಚಲಿಗೆ ಇಳಿಸಿ ಹತ್ತಿಸಿಕೊಂಡು, ಅಜ್ಜಂಪುರದಲ್ಲಿ ಚಹಾ ಅಂಗಡಿಯ ಮುಂದೆ ನಿಲ್ಲಿಸಿ ಗೆಳೆಯರಿಗೆಲ್ಲ ಅದನ್ನೇ ವಿವರಿಸಿದರು. ಎಂಜಿನ್ನಿನ ಎಚ್‌ಪಿ ಬೇರೆ, ಚಕ್ರದ ಎಚ್‌ಪಿ ಬೇರೆ ಎಂದು ಗಾಳಿಯಲ್ಲಿ ಬೆರಳಿನಿಂದ ಚಿತ್ರ ಬರೆದರು. ಒಳ್ಳೆಯ ಉತ್ತರ ಸಿಕ್ಕಿದವರ ಖುಷಿ ಅದು. ಕಾರಿನೊಳಗೆ ಕೂತಿದ್ದ ನನಗೆ ಮತ್ತೆ ಆ ವಾಸನೆ ಬಂತು, ಈ ಸಲ ಸ್ವಲ್ಪ ಸೀದದ್ದು. ಹೇಳಿದೆ. "ಊರೆಲ್ಲಾ ಹುರುಳಿ ಇರುವಾಗ ಇನ್ಯಾವ ವಾಸ್ನೆ ಬರ್ಬೇಕೇ?" ಎಂದರು ಅತ್ತೆ. ಅದೂ ನಿಜವೇ ಆಗಿತ್ತು.

ಮುಂದಿನ ವ್ಯಾಯಾಮದ ದಿನ ಶಾಲೆಯಲ್ಲಿ ಪರೀಕ್ಷೆ, ನನಗೆ ರಜೆ ಸಿಗಲಿಲ್ಲ. ಆಸ್ಪತ್ರೆಯಲ್ಲಿ ಕಾಲು ಹಿಡಿಯಲು ಯಾರಾದರೂ ಸಿಗುತ್ತಾರೆ ಎಂದು ಇವರು ಒಬ್ಬರೇ ಅತ್ತೆಯನ್ನು ಕರೆದುಕೊಂಡು ಹೊರಟರು. ಹತ್ತಿಸುವಾಗ ಕಾಲು ನಾನೇ ಎತ್ತಿಟ್ಟೆ. ಎಡಗಾಲಿಗೆ ಒಂದು ದಿಂಬು ಒತ್ತುಕೊಟ್ಟು, ಸೀಟಿನ ಅಡಿಗೆ ಜಾರದಂತೆ ಮಾಡಿದೆ.

ಆಮೇಲಿನದು ಅತ್ತೆ ಹೇಳಿದ್ದು, ಇವರು ಬಹಳ ದಿನಗಳ ಮೇಲೆ ಚೂರು ಚೂರಾಗಿ ಹೇಳಿದ್ದು. ಊರು ದಾಟಿದ ಮೇಲೆ ಒಂದು ತಿರುವಿನಲ್ಲಿ ರಸ್ತೆಯ ಅಗಲಕ್ಕೂ ಹುರುಳಿ ಹರಡಿದ್ದರು. ಪಕ್ಕದಲ್ಲಿ ಹೋಗಲು ಮಣ್ಣಿನ ದಾರಿಯಿತ್ತು. ಇವರು ಅತ್ತ ತಿರುಗಿಸುವಷ್ಟರಲ್ಲಿ ಒಬ್ಬ ಅಜ್ಜಿ ಬೇವಿನ ಮರದ ನೆರಳಿಂದ ಎದ್ದು ಕೈ ಎತ್ತಿದಳು. ಉಳಿದವರು ಹೊಲದ ಆಚೆ ಊಟಕ್ಕೆ ಹೋಗಿದ್ದರು. "ಒಬ್ಳೇ ಅವ್ಳೆ ಕಣೋ, ಇದೊಂದು ಸಲ," ಎಂದರಂತೆ ಅತ್ತೆ. ಇವರು ಹೋದರು. ಬಳ್ಳಿ ದಪ್ಪವಾಗಿತ್ತು. ನಡುವೆ ಎಳೆತ ಸಾಲದೆ ಕಾರು ನಿಂತಿತು. ಇವರು ಆಕ್ಸಲರೇಟರ್ ಒತ್ತಿದರು, ಚಕ್ರ ಬಳ್ಳಿಯ ಮೇಲೆ ಇದ್ದಲ್ಲೇ ತಿರುಗಿತು.

ಬಾನೆಟ್ಟಿನ ಅಂಚಿನಿಂದ ಹೊಗೆ ಬಂತು. ಇವರು ಇಳಿದು, ಸುಟ್ಟ ಮೋಟರುಗಳನ್ನು ದಿನವೂ ಬಿಚ್ಚುವ ಧೈರ್ಯದಲ್ಲಿ, ಬರಿಗೈಯಿಂದ ಬಾನೆಟ್ಟು ಎತ್ತಿದರು. ಗಾಳಿ ಸಿಕ್ಕಿದ ಕೂಡಲೇ ಒಳಗಿದ್ದುದೆಲ್ಲ ಒಮ್ಮೆಗೇ ಹೊತ್ತಿಕೊಂಡಿತು. ಕೆಳಗಿನ ತಟ್ಟೆಯಿಂದ ಕಿಡಿ ಉದುರಿ ರಸ್ತೆಯ ಹುರುಳಿಗೂ ಬೆಂಕಿ ಬಿತ್ತು. ಕಾರಿನ ಸುತ್ತ ಮೊಣಕಾಲೆತ್ತರದ ಒಣ ಬಳ್ಳಿ. ಹಿಂದಿನ ಸೀಟಿನಲ್ಲಿ ಅತ್ತೆ.

ಶಾಲೆಗೆ ಫೋನು ಮಾಡಿದವರು ಯಾರೆಂದು ನನಗೆ ಗೊತ್ತಿಲ್ಲ. "ನಿಮ್ಮ ಕಾರು ಹೊತ್ಕಂಡೈತೆ ಮೇಡಂ," ಎಂದಷ್ಟೇ ಹೇಳಿದರು. ಸಹೋದ್ಯೋಗಿಯೊಬ್ಬರ ಬೈಕಿನ ಹಿಂದೆ ಕೂತು ಹೋಗುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಇಬ್ಬರು ಬೇಕು, ಅಲ್ಲಿ ಒಬ್ಬರೇ ಇದ್ದಾರೆ. ಕಾಲು ಯಾರು ಬಿಡಿಸಿದರು? ದೂರದಿಂದಲೇ ಕಪ್ಪು ಹೊಗೆ ಕಂಡಿತು. ಗಾಳಿ ನಮ್ಮ ಕಡೆಗೆ ಬೀಸುತ್ತಿತ್ತು. ಇಡೀ ಬಯಲು ಹುರುಳಿ ಹುರಿದಂತೆ ಘಮ್ಮೆನ್ನುತ್ತಿತ್ತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ಅತ್ತೆ ಬೇವಿನ ಮರದ ಬುಡದಲ್ಲಿ ಗೋಣಿಚೀಲದ ಮೇಲೆ ಕೂತಿದ್ದರು. ಸೀರೆಯ ಅಂಚು ಸುಟ್ಟಿತ್ತು, ಮುಖ ಮಸಿಯಾಗಿತ್ತು. ಜೀವಕ್ಕೆ ಏನೂ ಆಗಿರಲಿಲ್ಲ. ಇವರು ಪಕ್ಕದಲ್ಲಿ ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು ನಿಂತಿದ್ದರು, ಯಾವುದೋ ಬೇರೆಯವರ ವಸ್ತುವನ್ನು ಹಿಡಿದುಕೊಂಡಂತೆ. ಅಂಗೈಯ ಚರ್ಮ ಉಳಿದಿರಲಿಲ್ಲ.

"ಇಬ್ರು ಬೇಕು ಅಂತಿದ್ಯಲ್ಲೇ," ಎಂದರು ಅತ್ತೆ ನನ್ನನ್ನು ನೋಡಿ. ಅವರ ದನಿ ಎಂದಿನಂತೆಯೇ ಜೋರಾಗಿತ್ತು. "ಒಬ್ನೇ ಇಳಿಸ್ದ ನೋಡು." ಆಮೇಲೆ ಬಲಗೈಯಿಂದ ಸೆರಗು ಎಳೆದು ಬಾಯಿಗೆ ಒತ್ತಿಕೊಂಡು ಅತ್ತರು. ನಾನು ಅವರು ಅತ್ತದ್ದನ್ನು ಅಷ್ಟು ಹತ್ತಿರದಿಂದ ಅದೇ ಮೊದಲು ನೋಡಿದ್ದು.

ಇವರ ಕೈ ವಾಸಿಯಾಯಿತು, ಅಂದರೆ ಚರ್ಮ ಬಂತು. ಬೆರಳ ತುದಿಗೆ ತಂತಿ ತಿಳಿಯುವುದಿಲ್ಲ. ಸಣ್ಣ ತಾಮ್ರದ ತಂತಿ ಸುತ್ತುವಾಗ ಬಿಗಿ ಎಷ್ಟು ಎಂದು ಕಣ್ಣು ಹೇಳುವುದಿಲ್ಲ, ಬೆರಳೇ ಹೇಳಬೇಕು. ಒಂದು ದಿನ ಅಂಗಡಿಗೆ ಹೋಗಿ ಕೂತು, ಒಂದು ಸುರುಳಿಯನ್ನು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಸಂಜೆ ಬೀಗ ಹಾಕಿಕೊಂಡು ಬಂದರು. ಈಗ ಅಲ್ಲಿ ಪೈಪು, ನಲ್ಲಿ ಮಾರುತ್ತಾರೆ. ಅತ್ತೆ ಮತ್ತೆ ಯಾವ ಕಾರನ್ನೂ ಹತ್ತಲಿಲ್ಲ. ಗೋಗರೆದರೂ ಹತ್ತಲಿಲ್ಲ. ಮಳೆಗಾಲದಲ್ಲಿ ಅಲ್ಲಾಡಿದ ಆ ಎರಡು ಬೆರಳು ಮುಂದಿನ ಮಳೆಗಾಲದ ಹೊತ್ತಿಗೆ ಮಡಚಿಕೊಂಡು ಹಾಗೇ ನಿಂತವು. ವರ್ಕ್‌ಶಾಪಿನ ಯಜಮಾನರು ಒಮ್ಮೆ ಮನೆಗೆ ಬಂದಿದ್ದರು. ಬಹಳ ಹೊತ್ತು ಕೂತಿದ್ದು, ಇವರ ಅಂಗೈ ನೋಡಿ ಹೋದರು.

ನನಗೆ ಸಿಟ್ಟು ಇದೆ, ಯಾರ ಮೇಲೆ ಎಂದು ಇನ್ನೂ ಗೊತ್ತಾಗಿಲ್ಲ. ತೊಂಬತ್ತು ಎಪ್ಪತ್ತೊಂದಾದದ್ದಕ್ಕೆ ಅಂದು ಕೇಳಿದ ವಿವರಣೆಯಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಅದನ್ನೇ ನಾನು ಈಗ ಮಕ್ಕಳಿಗೆ ಪಾಠದಲ್ಲಿ ಹೇಳುತ್ತೇನೆ.

ಕಳೆದ ಚಳಿಗಾಲದಲ್ಲಿ ಶಾಲೆಯಿಂದ ನಡೆದು ಬರುತ್ತಿದ್ದೆ. ಅದೇ ರಸ್ತೆ, ಮತ್ತೆ ಹುರುಳಿ. ಒಂದು ಬಿಳಿ ಕಾರು ಅದರ ಮೇಲೆ ನಿಧಾನಕ್ಕೆ ಹಾದುಹೋಯಿತು. ಅದು ದಾಟಿದ ಮೇಲೆ ಗಾಳಿಯಲ್ಲಿ ಆ ಘಮ ಬಂತು. ನಾನು ಬ್ಯಾಗು ಬಿಸಾಡಿ ಓಡಿದೆ. ಎರಡೂ ಕೈ ಎತ್ತಿ ಬೀಸುತ್ತಾ, ನಿಲ್ಲಿಸಿ, ಇಳಿದು ಕೆಳಗೆ ನೋಡಿ ಎಂದು ಕೂಗಿದೆ. ಕಾರಿನ ಗಾಜು ಮುಚ್ಚಿತ್ತು. ಒಳಗಿದ್ದವನು ಕನ್ನಡಿಯಲ್ಲಿ ನನ್ನ ಕೈ ನೋಡಿದ. ಕಾರು ನಿಂತಿತು. ಹಿಂದಕ್ಕೆ ಬಂತು. ಹುರುಳಿಯ ಮೇಲೆ ಪೂರ್ತಿ ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ, ನನಗಾಗಿ ಇನ್ನೊಂದು ಸಲ ಚೆನ್ನಾಗಿ ತುಳಿದುಕೊಂಡು ಬಂತು. ಓಡಿಸುತ್ತಿದ್ದವನು ನಗುತ್ತಾ ಕೈಮುಗಿದು, ನಾನು ಬಾಗಿಲು ಮುಟ್ಟುವ ಮೊದಲೇ ವೇಗ ಹೆಚ್ಚಿಸಿದ.

ಹಿಂದಿನ ಸೀಟಿನಲ್ಲಿ ವಯಸ್ಸಾದವರೊಬ್ಬರು ಗಾಜಿಗೆ ತಲೆ ಒರಗಿಸಿ ಮಲಗಿದ್ದರು.